ಮಾವನ ಜಯಂತಿ ಪೋಸ್ಟರ್ ರಿಪೇರಿ

ನನ್ನ ಸೋದರಮಾವ ಕಾಪಾಡಿಕೊಂಡು ಬಂದ, ನಟಿ ಜಯಂತಿಯ ಹಳೇ ಸಿನಿಮಾ ಪೋಸ್ಟರ್ ಇದು. 30 ಇಂಚು ಅಗಲ, 40 ಇಂಚು ಎತ್ತರ. ಒಂದೇ ಹಾಳೆ. ಎಂಟು ಭಾಗವಾಗಿ ಮಡಚಿ ತಗಡಿನ ಟ್ರಂಕಿನ ತಳದಲ್ಲಿ ಇಟ್ಟಿದ್ದ. ತಳಕ್ಕೆ ತಾಗಿದ್ದ ಮೇಲಿನ ಅಂಚನ್ನು ಗೆದ್ದಲು ಪೂರ್ತಿ ತಿಂದಿದೆ, ಹಾಗಾಗಿ ಸಿನಿಮಾದ ಹೆಸರೇ ಇಲ್ಲ. ಕೆಳಗಿನ ಅಂಚಿಗೂ ಅಲ್ಲಲ್ಲಿ ಬಾಯಿ ಹಾಕಿದೆ. ಮಡಿಕೆಗಳು ಒಂದನ್ನೊಂದು ದಾಟುವ ಮೂರು ಕಡೆ ಕಾಗದ ಸವೆದು ತೂತು ಬಿದ್ದಿದೆ. ಎರಡು ತೂತು ಬರೀ ಹಿನ್ನೆಲೆಯಲ್ಲಿವೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರನೆಯದು ಸರಿಯಾಗಿ ನಾಯಕಿಯ ಎಡಗಣ್ಣಿನ ಮೇಲೆ. ಕಣ್ಣಿನ ಹೊರಗಿನ ಅರ್ಧ, ಹುಬ್ಬಿನ ತುದಿ, ಎರಡೂ ಹೋಗಿವೆ. ಸುಮಾರು 4 ಸೆಂಟಿಮೀಟರ್ ಅಗಲದ ಖಾಲಿ ಜಾಗ.

ಹಿಂಭಾಗದಲ್ಲಿ ಮಡಿಕೆಯ ಉದ್ದಕ್ಕೂ ಸೆಲ್ಲೋಟೇಪ್. ಟೇಪು ಒಣಗಿ ತಾನಾಗೇ ಉದುರುತ್ತಿದೆ. ಅದರ ಗೋಂದು ಮಾತ್ರ ಕಾಗದದೊಳಗೆ ಇಳಿದು ಮುಂಭಾಗದಲ್ಲೂ ಕಂದು ಪಟ್ಟಿ ಎಬ್ಬಿಸಿದೆ.

ನಾಯಕಿ ಜಯಂತಿ. ಉಳಿದ ಕರ್ನಾಟಕಕ್ಕೆ ‘ಅಭಿನಯ ಶಾರದೆ’, ನಮ್ಮ ಬಳ್ಳಾರಿಯ ಮಂದಿಗೆ ಊರ ಮಗಳು. 1945ರ ಜನವರಿಯಲ್ಲಿ ಇಲ್ಲೇ ಹುಟ್ಟಿದವರು. ಆಗಿನ ಹೆಸರು ಕಮಲ ಕುಮಾರಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅವರು ಬೆಳೆದದ್ದು ಮದ್ರಾಸಿನಲ್ಲಿ. ಕನ್ನಡ ಸಿನಿಮಾಕ್ಕೆ ಬಂದದ್ದು 1963ರ ‘ಜೇನುಗೂಡು’ ಚಿತ್ರದಿಂದ. ನನ್ನ ಸೋದರಮಾವನಿಗೆ ಮೊದಲ ಸಂಗತಿ ಒಂದೇ ಸಾಕು. ಮದ್ರಾಸು ಅವನ ಲೆಕ್ಕಕ್ಕೇ ಬರುವುದಿಲ್ಲ. ‘ಎಲ್ಲಿ ಬೆಳೆದ್ರೇನಲೇ, ಹುಟ್ಟಿದ್ದು ನಮ್ಮ ಊರಾಗ ಅಲ್ಲೇನು’ ಎಂದು ಬಾಯಿ ಮುಚ್ಚಿಸುತ್ತಾನೆ.

ಮಾವ ಊರಿನ ಒಂದು ಟಾಕೀಸಿಗೆ ಪೋಸ್ಟರ್ ಅಂಟಿಸುತ್ತಿದ್ದವನು. ಸೆಕೆಂಡ್ ಶೋ ಬಿಟ್ಟ ಮೇಲೆ ಅವನ ಡ್ಯೂಟಿ ಶುರು. ಸೈಕಲ್ ಹ್ಯಾಂಡಲ್‌ಗೆ ಗಂಜಿಯ ಬಕೆಟ್ಟು, ಹೆಗಲ ಮೇಲೆ ಪೋಸ್ಟರ್ ಕಟ್ಟು, ಕ್ಯಾರಿಯರ್‌ನಲ್ಲಿ ತೆಂಗಿನ ನಾರಿನ ಕುಂಚ. ಬ್ರೂಸ್‌ಪೇಟೆ, ಮೋತಿ ಸರ್ಕಲ್, ಕೌಲ್ ಬಜಾರ್ ಸುತ್ತಿ ಬೆಳಗಿನ ಜಾವಕ್ಕೆ ಮನೆ. ಶುಕ್ರವಾರ ಸಿನಿಮಾ ಬದಲಾದರೆ ಹಳೆಯದರ ಮೇಲೆ ಹೊಸದು ಬೀಳಬೇಕು, ಅದೇ ಪದ್ಧತಿ. ಆದರೆ ಜಯಂತಿ ಮುಖದ ಮೇಲೆ ಮಾವ ಬೇರೆ ಪೋಸ್ಟರ್ ಅಂಟಿಸುತ್ತಿರಲಿಲ್ಲ. ಒಂದಡಿ ಪಕ್ಕಕ್ಕೆ ಸರಿಯುತ್ತಿದ್ದ. ಜಾಗ ಇಲ್ಲದಿದ್ದರೆ ಮುಖದ ಕೆಳಗೆ ಬರುವಂತೆ ಅಂಟಿಸುತ್ತಿದ್ದ. ಹೀಗಾಗಿ ಕೆಲವು ಗೋಡೆಗಳ ಮೇಲೆ ಜಯಂತಿ ತಲೆ, ಕುತ್ತಿಗೆಯ ಕೆಳಗೆ ಯಾರದೋ ಫೈಟಿಂಗು. ಮ್ಯಾನೇಜರ್ ಹತ್ತಿರ ಇದಕ್ಕೆ ಬೈಸಿಕೊಂಡಿದ್ದಾನೆ. ಪ್ರತಿ ಕಟ್ಟಿನಿಂದ ಜಯಂತಿಯ ಒಂದು ಪ್ರತಿಯನ್ನು ಮನೆಗೆ ತರುತ್ತಿದ್ದ. ಅದಕ್ಕೆ ಬೈದವರು ಯಾರೂ ಇಲ್ಲ, ಏಕೆಂದರೆ ಯಾರಿಗೂ ಹೇಳಿರಲಿಲ್ಲ.

ಜಯಂತಿಯನ್ನು ಮಾವ ಎದುರಿಗೆ ಒಮ್ಮೆಯೂ ನೋಡಿಲ್ಲ. ಬೆಂಗಳೂರಿಗೆ ಹೋಗಿ ಮನೆ ಹುಡುಕಬೇಕು ಅಂತಲೂ ಅನಿಸಿಲ್ಲ. 2021ರ ಜುಲೈ 26ರಂದು ಅವರು ತೀರಿಹೋದ ಸುದ್ದಿ ಟಿವಿಯಲ್ಲಿ ಬಂತು. ಆವತ್ತು ಮಾವ ಟ್ರಂಕ್ ತೆಗೆದ. ಎಷ್ಟೋ ವರ್ಷ ಮುಟ್ಟದ ಟ್ರಂಕು. ಡಾಂಬರು ಗುಳಿಗೆಗಳೆಲ್ಲ ಆವಿಯಾಗಿ ಬರೀ ಬಟ್ಟೆಯ ಗಂಟು ಉಳಿದಿತ್ತು. ಕೆಳಗಿನ ಅರ್ಧ ಮಣ್ಣು ಮಣ್ಣು. ಹೆಚ್ಚಿನ ಪೋಸ್ಟರ್‌ಗಳು ಹಿಡಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದವು. ಉಳಿಸಬಹುದು ಅನ್ನಿಸಿದ ದೊಡ್ಡ ಹಾಳೆ ಇದೊಂದೇ. ಜೊತೆಗೆ ಹಾಡಿನ ಪುಸ್ತಕಗಳ ಒಂದು ಗಂಟು, ಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳು, ಕೆಲವು ಕಪ್ಪು ಬಿಳುಪು ಫೋಟೊ.

ನಾನು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಹಳೇ ಪುಸ್ತಕ ಬೈಂಡ್ ಮಾಡುವುದು ನನ್ನ ಹುಚ್ಚು. ಬಟ್ಟೆ ಗೊತ್ತು, ಅಂಟು ಗೊತ್ತು, ಹಳೆ ಕಾಗದದ ಸ್ವಭಾವವೂ ಸ್ವಲ್ಪ ಗೊತ್ತು. ಅದಕ್ಕೇ ಕೆಲಸ ನನ್ನ ತಲೆಗೆ ಬಂತು. ಲ್ಯಾಮಿನೇಷನ್ ಮಾಡಿಸು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಹಳೆ ಕಾಗದವನ್ನು ಬಿಸಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ಮತ್ತೆ ಬಿಡಿಸುವ ದಾರಿಯೇ ಇಲ್ಲ. ಒಳಗಿನ ಆಮ್ಲ ಒಳಗೇ ಉಳಿದು ಕಾಗದ ಬೇಯುತ್ತಲೇ ಇರುತ್ತದೆ. ಲ್ಯಾಮಿನೇಷನ್ ಮಾತು ಎತ್ತಿದವರಿಗೆ ಟೀ ಕೊಟ್ಟು ಕಳಿಸಿದ್ದೇ.

ಮೊದಲು ಇದು ಯಾವ ಸಿನಿಮಾ ಅಂತ ತಿಳಿಯಬೇಕಿತ್ತು. ಮಾವ ಮೊದಲ ದಿನವೇ ‘ಎಡಕಲ್ಲು ಗುಡ್ಡದ ಮೇಲೆ’ ಎಂದ. ನನಗೆ ಪುರಾವೆ ಬೇಕಿತ್ತು, ಮಾವನಿಗೆ ಜಯಂತಿಯ ಎಲ್ಲ ಪೋಸ್ಟರೂ ಅದೇ ಸಿನಿಮಾದ್ದಾಗಿ ಕಾಣುತ್ತದೆ. ಕೆಳಗಿನ ಅಂಚಿನಲ್ಲಿ ಗೆದ್ದಲು ಬಿಟ್ಟ ಅಕ್ಷರಗಳನ್ನು ಭೂತಗನ್ನಡಿ ಇಟ್ಟು ಓದಿದೆ. ಒಂದು ಕಡೆ ‘ಟ್ಟಣ್ಣ’, ಇನ್ನೊಂದು ಕಡೆ ‘ರಂಗರಾವ್’. ಪುಟ್ಟಣ್ಣ ಕಣಗಾಲ್ ಅವರಿಗೆ ಹೆಚ್ಚಾಗಿ ಸಂಗೀತ ಕೊಟ್ಟವರು ವಿಜಯಭಾಸ್ಕರ್. ಎಂ. ರಂಗರಾವ್ ಜೊತೆಗಿನ ಸಿನಿಮಾ ಕಡಿಮೆ. ‘ಸಾಕ್ಷಾತ್ಕಾರ’ದ ನಾಯಕಿ ಜಮುನಾ, ‘ರಂಗನಾಯಕಿ’ಯಲ್ಲಿ ಆರತಿ. ಜಯಂತಿ ಇರುವುದು 1973ರ ‘ಎಡಕಲ್ಲು’ ಒಂದರಲ್ಲಿ. ಭಾರತೀಸುತರ ಕಾದಂಬರಿ, ಜಯಂತಿಯ ಮಾಧವಿ ಪಾತ್ರ, ಆ ಪಾತ್ರಕ್ಕೆ ರಾಜ್ಯ ಪ್ರಶಸ್ತಿ. ಮಾವನಿಗೆ ಹೇಳಿದರೆ ‘ನಾನು ಹೇಳಿದಾಗ ನಂಬಲಿಲ್ಲ, ಈಗ ಗೆದ್ದಲು ಹೇಳಿದ ಮೇಲೆ ನಂಬಿದಿ’ ಎಂದ.

ಈಗ ಕೆಲಸ. ಮೊದಲ ಹಂತ ಧೂಳು.

ಬಳ್ಳಾರಿ ಧೂಳು ಅಂದರೆ ಸುಮ್ನೆ ಧೂಳಲ್ಲ, ಅದಿರು. ಮನೆ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಹಗಲು ರಾತ್ರಿ ಲಾರಿ. ಮುಚ್ಚಿದ ಟ್ರಂಕಿನೊಳಗೂ ಕೆಂಪು ಪುಡಿ ಹೊಕ್ಕಿದೆ. ಅದು ಕಬ್ಬಿಣದ ಆಕ್ಸೈಡು, ಬಹಳ ನುಣ್ಣಗೆ ಇರುತ್ತದೆ. ಒಂದು ಹನಿ ನೀರು ಬಿದ್ದರೂ ಕಾಗದದ ನಾರಿನೊಳಗೆ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲ. ಹಾಗಾಗಿ ಪೂರ್ತಿ ಒಣ ಕೆಲಸ. ಮೆತ್ತನೆಯ ಆಡಿನ ಕೂದಲಿನ ಕುಂಚದಿಂದ ಒಂದೇ ದಿಕ್ಕಿಗೆ ಗುಡಿಸಿದೆ. ಆಮೇಲೆ ಬಿಳಿ ರಬ್ಬರನ್ನು ಕೊಬ್ಬರಿ ತುರಿಯುವ ಮಣೆಯಲ್ಲಿ ತುರಿದು, ಆ ಪುಡಿಯನ್ನು ಹಾಳೆಯ ಮೇಲೆ ಹರಡಿ, ಬೆರಳ ತುದಿಯಿಂದ ಹಗುರವಾಗಿ ಸುತ್ತು ತಿರುಗಿಸಿದೆ. ಬಿಳಿ ಪುಡಿ ಇಟ್ಟಿಗೆ ಬಣ್ಣಕ್ಕೆ ಬಂತು. ಗುಡಿಸು, ಹೊಸ ಪುಡಿ ಹಾಕು, ಮತ್ತೆ ಗುಡಿಸು. ಪುಡಿ ಬಿಳಿಯಾಗೇ ಉಳಿಯುವ ತನಕ ಇದೇ ಕೆಲಸ. ಮುಖದ ಹತ್ತಿರ ರಬ್ಬರ್ ಪುಡಿಯನ್ನೂ ಬಳಸಲಿಲ್ಲ, ಬರೀ ಕುಂಚ.

ಟೇಪಿಗೆ ಹೇರ್ ಡ್ರೈಯರ್. ಬಿಸಿ ಗಾಳಿ ದೂರದಿಂದ ಬಿಟ್ಟರೆ ಪ್ಲಾಸ್ಟಿಕ್ ಪಟ್ಟಿ ಎದ್ದು ಬರುತ್ತದೆ. ತೆಳು ಸ್ಪ್ಯಾಚುಲಾದಿಂದ ಮೆಲ್ಲಗೆ ಎತ್ತಬೇಕು, ಎಳೆಯಬಾರದು. ಅಂಟು ಮೆತ್ತಗಿರುವ ಕಡೆ ಕ್ರೇಪ್ ರಬ್ಬರಿನಿಂದ (ಅಂಟು ಎತ್ತುವ ಕಚ್ಚಾ ರಬ್ಬರಿನ ತುಂಡು) ಉಜ್ಜಿ ಉಂಡೆ ಮಾಡಿ ತೆಗೆದೆ. ಒಳಗಿಳಿದ ಕಂದು ಕಲೆಗೆ ಹಿಂಭಾಗದಿಂದ ಸ್ವಲ್ಪ ಅಸಿಟೋನ್, ಕೆಳಗೆ ಒತ್ತುಕಾಗದ (ಬ್ಲಾಟಿಂಗ್ ಪೇಪರ್). ಶೇಕಡಾ ಇಷ್ಟು ಹೋಯಿತು ಅಂತ ಹೇಳುವ ಹಾಗಿಲ್ಲ. ಮಾಸಿತು, ಅಷ್ಟೇ. ಇನ್ನೂ ತಿಕ್ಕಿದರೆ ಕಲೆಯ ಜೊತೆ ಬಣ್ಣವೂ ಬರುತ್ತದೆ ಅನ್ನಿಸಿದ ಕಡೆ ಬಿಟ್ಟೆ.

ಮುಂದೆ ನೀರು. ಆ ಕಾಲದ ಪೋಸ್ಟರ್ ಕಾಗದ ಅಗ್ಗದ್ದು, ಮರವನ್ನು ಅರೆದು ಮಾಡಿದ್ದು. ಮರದ ಲಿಗ್ನಿನ್ ಕಾಗದದಲ್ಲೇ ಉಳಿದಿರುತ್ತದೆ. ಬೆಳಕು, ಗಾಳಿ, ಸೆಕೆ ತಾಗಿ ಅದು ಹಳದಿಯಾಗಿ ಆಮ್ಲ ಬಿಡುತ್ತದೆ. ಹಾಳೆ ಅಪ್ಪಳದಂತೆ ಮುರಿಯುವುದಕ್ಕೆ ಇದೇ ಕಾರಣ. ಆಮ್ಲ ಇಳಿಸಲು ತಿಳಿ ಸುಣ್ಣದ ನೀರು ಬಳಸುವುದುಂಟು. ಅದಕ್ಕೆ ಮೊದಲು ಪ್ರತಿ ಬಣ್ಣದ ಮೇಲೂ ಒಂದೊಂದು ಹನಿ ಇಟ್ಟು ಬಿಳಿ ಕಾಗದ ಒತ್ತಿ ನೋಡಬೇಕು. ಬರೀ ನೀರಿಗೆ ಯಾವ ಬಣ್ಣವೂ ಬಿಡಲಿಲ್ಲ. ಸುಣ್ಣದ ನೀರಿಗೆ ಕೆಂಪು ಬಿಟ್ಟಿತು. ಸ್ವಲ್ಪವೇ, ಆದರೆ ಬಿಟ್ಟಿತು. ತುಟಿ, ಕುಂಕುಮ, ಸೆರಗು ಎಲ್ಲ ಅದೇ ಕೆಂಪು. ಸುಣ್ಣದ ಬಾಟಲಿ ಕಪಾಟಿಗೆ ವಾಪಸ್ ಹೋಯಿತು.

ಬದಲಿಗೆ ಫಿಲ್ಟರ್ ನೀರಿಗೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ತೆಗೆದುಕೊಂಡೆ. ರಂಗೋಲಿ ಪುಡಿ ಸಾಕಲ್ವಾ ಅಂತ ಕೇಳುವವರಿಗೆ: ಸಾಲದು, ಅದರಲ್ಲಿ ಯಾವ ಕಲ್ಲಿನ ಪುಡಿ ಇದೆಯೋ ದೇವರಿಗೇ ಗೊತ್ತು. ನಲ್ಲಿ ನೀರು ಬೇಡ, ಬೋರ್ ನೀರು ಬೇಡವೇ ಬೇಡ. ಕಬ್ಬಿಣದ ಅಂಶ ಇದ್ದರೆ ಹಾಳೆಯ ಮೇಲೆ ಕಂದು ಚುಕ್ಕೆ ಏಳುತ್ತವೆ.

ಹಾಳೆಯನ್ನು ನೀರಿನಲ್ಲಿ ಮುಳುಗಿಸಲಿಲ್ಲ. ದಪ್ಪ ಒತ್ತುಕಾಗದಗಳನ್ನು ಆ ನೀರಿನಲ್ಲಿ ನೆನೆಸಿ, ಹಿಂಡಿ, ಗಾಜಿನ ಮೇಲೆ ಹಾಸಿ, ಅದರ ಮೇಲೆ ಪೋಸ್ಟರನ್ನು ಮುಖ ಮೇಲಾಗಿ ಮಲಗಿಸಿದೆ. ಮೇಲಿನಿಂದ ಸ್ಪ್ರೇ. ಒತ್ತುಕಾಗದ ಕೆಳಗಿನಿಂದ ಹಳದಿ ನೀರನ್ನು ಎಳೆದುಕೊಳ್ಳುತ್ತದೆ. ಮೊದಲ ಸಲ ಎತ್ತಿದ ಒತ್ತುಕಾಗದ ಟೀ ಚೆಲ್ಲಿದ ಬಣ್ಣಕ್ಕೆ ಬಂದಿತ್ತು. ಮೂಸಿದರೆ ವಿನೆಗರ್ ಥರ ಹುಳಿ ವಾಸನೆ. ಬದಲಿಸುತ್ತಾ ಹೋದ ಹಾಗೆ ಬಣ್ಣ ತಿಳಿಯಾಯಿತು. ಹಾಳೆಯೂ ಮೆತ್ತಗಾಗಿ ಮಡಿಕೆ ಬಿಟ್ಟಿತು. ಮಾವ ಇದನ್ನು ನೋಡಲು ಬರಲಿಲ್ಲ. ಜಯಂತಿಗೆ ನೀರು ಹಾಕುವುದನ್ನು ನೋಡಲಾರೆ ಎಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದ.

ಗಂಜಿ ಕಾಯಿಸುವ ದಿನ ಮಾತ್ರ ಕರೆಯದೇ ಬಂದ. ಗಂಜಿ ಅವನ ವಿಷಯ. ಗೋಡೆ ಪೋಸ್ಟರಿಗೆ ಮೈದಾ ಕುದಿಸಿ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಹುಳ ಹಿಡಿಯದಿರಲಿ, ದನ ನೆಕ್ಕದಿರಲಿ ಎಂದು. ನಾನು ಮೈಲುತುತ್ತ ಹಾಕುವುದಿಲ್ಲ ಎಂದಾಗ ಮುಖ ಸಿಂಡರಿಸಿದ. ಆ ಹರಳು ತಾಮ್ರದ ಸಲ್ಫೇಟು. ತಾಮ್ರ ಕಾಗದದ ನಾರನ್ನು ನಿಧಾನಕ್ಕೆ ಕೊರೆಯುತ್ತದೆ. ಗೋಡೆಯ ಪೋಸ್ಟರಿಗೆ ಮುಂದಿನ ಶುಕ್ರವಾರದ ತನಕ ಆಯಸ್ಸು ಸಾಕು, ಅಲ್ಲಿ ಅದು ಸರಿ. ಇಲ್ಲಿ ಬೇಡ.

ಹಾಗಾದರೆ ಹುಳಕ್ಕೆ ಏನು ಮಾಡುತ್ತೀ ಎಂದ. ಹುಳಕ್ಕೆ ರುಚಿ ಮೈದಾದ ಜಿಗುಟು ಭಾಗ, ಅದನ್ನೇ ತೆಗೆದುಬಿಟ್ಟರೆ ಕಾಟ ಕಡಿಮೆ. ಮೈದಾವನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಪಾತ್ರೆಯ ನೀರಿನಲ್ಲಿ ಹಿಂಡುತ್ತಾ ತೊಳೆದೆ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಕೈಯಲ್ಲಿ ಚೂಯಿಂಗ್ ಗಮ್ ಥರದ ಉಂಡೆ ಉಳಿಯುತ್ತದೆ. ಉಂಡೆ ಕಸಕ್ಕೆ. ಬಿಳಿ ನೀರನ್ನು ಬಟ್ಟೆಯಲ್ಲಿ ಸೋಸಿ ಬಿಟ್ಟರೆ ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ನೀರು ಚೆಲ್ಲಿ ಹೊಸ ನೀರು ಹಾಕಿ ಮತ್ತೆ ಕೂರಿಸಿದೆ. ನೀರು ಹಾಗೇ ಬಿಟ್ಟರೆ ಹುಳಿ ಬರುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ.

ಒಂದು ಪಾಲು ಪಿಷ್ಟಕ್ಕೆ ನಾಲ್ಕು ಪಾಲು ನೀರು. ಸಣ್ಣ ಉರಿಯಲ್ಲಿ 40 ನಿಮಿಷ, ಕೈ ಬಿಡದೆ ತಿರುಗಿಸಬೇಕು. ಮೊದಲು ಏನೂ ಆಗುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಬಿಗಿಯುತ್ತದೆ, ಇನ್ನೂ ಬೇಯಿಸಿದರೆ ಹಾಲುಬಣ್ಣ ಹೋಗಿ ಗಾಜಿನಂತೆ ಪಾರಕ ಹೊಳಪು ಬರುತ್ತದೆ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಎರಡು ಸಲ ಒತ್ತಿ ಸೋಸಿ, ಬೇಕಾದಷ್ಟು ನೀರು ಸೇರಿಸಿ ಮಜ್ಜಿಗೆ ಹದಕ್ಕೆ ತಂದೆ. ಮಾವ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದ. ‘ಎಳಿ ಬರಂಗಿಲ್ಲ’ ಎಂದ. ಎಳೆ ಬರಬಾರದು, ಜಿಗುಟು ಹೋಗಿದೆ ಅಂತ ಅರ್ಥ. ಮಾವನಿಗೆ ಒಪ್ಪಿಗೆಯಾಗಲಿಲ್ಲ. ಚೂರು ಪೇಪರ್ ಅಂಟಿಸಿ ಒಣಗಿಸಿ ಕೀಳಲು ಹೇಳಿದೆ. ಕಾಗದ ಹರಿಯಿತು, ಅಂಟು ಬಿಡಲಿಲ್ಲ. ಆಮೇಲೆ ಸುಮ್ಮನಾದ.

ಬಟ್ಟೆಯ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ, ಇದು ನನ್ನ ಕಸುಬು. ಪೋಸ್ಟರಿನ ಹಿಂದೆ ಹಾಕುವ ಬಟ್ಟೆ ಶುದ್ಧ ಹತ್ತಿಯದ್ದೇ ಆಗಬೇಕು. ನಮ್ಮ ಯೂನಿಟ್ಟಿನಲ್ಲಿ ಜೀನ್ಸ್ ಜೇಬಿಗೆ ಹಾಕುವ ಬಿಳಿ ಬಟ್ಟೆ ರಾಶಿ ರಾಶಿ ಬಿದ್ದಿರುತ್ತದೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ, ಗಂಜಿ ಸರಿಯಾಗಿ ಹಿಡಿಯುವುದಿಲ್ಲ. ಅನುಮಾನ ಇದ್ದರೆ ಒಂದೆಳೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಬೂದಿ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕೌಲ್ ಬಜಾರಿನಲ್ಲಿ ಕೋರಾ ಬಟ್ಟೆ ತಂದೆ. ಕೋರಾದಲ್ಲಿ ನೇಯುವಾಗ ಹಾಕಿದ ಗಂಜಿ ಇರುತ್ತದೆ. ವಾಷಿಂಗ್ ಸೋಡಾ ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿ ತೆಗೆದರೆ ಆ ಗಂಜಿಯೂ ಹೋಗುತ್ತದೆ, ಬಟ್ಟೆ ಕುಗ್ಗುವಷ್ಟು ಕುಗ್ಗಿಯೂ ಮುಗಿಯುತ್ತದೆ. ಹೀಗೆ ಮೊದಲೇ ಕುಗ್ಗಿಸದ ಬಟ್ಟೆಗೆ ಪೋಸ್ಟರ್ ಅಂಟಿಸಿದರೆ ಮುಂದೆ ಮಳೆಗಾಲದಲ್ಲಿ ಅದು ಕುಗ್ಗುವಾಗ ಪೋಸ್ಟರನ್ನೂ ಎಳೆದುಕೊಂಡು ಸುಕ್ಕಾಗಿಸುತ್ತದೆ.

ಸನ್‌ಮೈಕಾ ಹಾಕಿದ ದೊಡ್ಡ ಹಲಗೆಯ ಮೇಲೆ ಒದ್ದೆ ಬಟ್ಟೆಯನ್ನು ನೇಯ್ಗೆಯ ಎಳೆ ನೇರ ಇರುವಂತೆ ಎಳೆದು ಅಂಚಿಗೆ ಹಿತ್ತಾಳೆ ಮೊಳೆ ಹೊಡೆದೆ. ಕಬ್ಬಿಣದ ಮೊಳೆ ಬೇಡ, ತುಕ್ಕು ಬಟ್ಟೆಯ ಮೂಲಕ ಹರಿಯುತ್ತದೆ. ಬಟ್ಟೆಯ ಮೇಲೆ ನೇರ ಪೋಸ್ಟರ್ ಹಾಕುವುದಿಲ್ಲ, ನಡುವೆ ಆಮ್ಲವಿಲ್ಲದ ತೆಳು ಕಾಗದದ ಒಂದು ಪದರ ಬೇಕು. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಬಟ್ಟೆಯ ಎಳೆಗಳು ಪೋಸ್ಟರನ್ನು ಹಿಡಿದುಕೊಂಡಿರಬಾರದು.

ಹರಿದ ಕಡೆಗಳಿಗೆ ಜಪಾನೀ ಕೋಜೊ ಟಿಶ್ಯೂ (ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ತೆಳು ಕಾಗದ) ಆನ್‌ಲೈನಿನಲ್ಲಿ ತರಿಸಿದೆ. ಅದನ್ನು ಕತ್ತರಿಯಿಂದ ಕತ್ತರಿಸಬಾರದು. ನೀರಿನ ಗೆರೆ ಎಳೆದು ಕೈಯಿಂದ ಹರಿದರೆ ಅಂಚಿನಲ್ಲಿ ನಾರು ಉಳಿಯುತ್ತದೆ, ಆ ನಾರೇ ಹರಿದ ಜಾಗವನ್ನು ಹಿಡಿಯುತ್ತದೆ.

ಅಂಟಿಸುವ ಕೆಲಸವನ್ನು ಶ್ರಾವಣದ ತನಕ ಕಾಯಿಸಿದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಒಣ ಸೆಕೆಯಲ್ಲಿ ಗಂಜಿ ಹಚ್ಚಿ ತಿರುಗುವಷ್ಟರಲ್ಲಿ ಅಂಚು ಒಣಗಿರುತ್ತದೆ. ನಡುಭಾಗ ಒದ್ದೆ, ಅಂಚು ಒಣ, ಅಲ್ಲಿಗೆ ಸುಕ್ಕು ಗ್ಯಾರಂಟಿ. ಶ್ರಾವಣದಲ್ಲೂ ರಾತ್ರಿಯೇ ಮಾಡಿದೆವು. ಕಿಟಕಿಗೆ ಒದ್ದೆ ಗೋಣಿಚೀಲ, ಫ್ಯಾನ್ ಬಂದ್.

ಪೋಸ್ಟರನ್ನು ಪಾಲಿಯೆಸ್ಟರ್ ಶೀಟಿನ ಮೇಲೆ ಮುಖ ಕೆಳಗಾಗಿ ಹಾಸಿ ನೀರು ಸಿಂಪಡಿಸಿದರೆ ಅದು ಉಬ್ಬಿ, ಆಮೇಲೆ ಸಮನಾಗಿ ಶೀಟಿಗೆ ಅಂಟಿಕೊಂಡು ಮಲಗುತ್ತದೆ. ಹಿಂಭಾಗಕ್ಕೆ ಟಿಶ್ಯೂ ಪಟ್ಟಿ, ಆಮೇಲೆ ಗಂಜಿ. ಒದ್ದೆ ಹಾಳೆ ಹೊತ್ತ ಶೀಟನ್ನು ಎತ್ತಿ ತಿರುಗಿಸಿ, ಹಲಗೆಯ ಮೇಲಿನ ಪದರಕ್ಕೆ ಇಳಿಸುವುದೇ ಇಡೀ ಕೆಲಸದ ಕಷ್ಟದ ಗಳಿಗೆ. ಒಂದು ಮೂಲೆ ಮೊದಲೇ ತಾಗಿದರೆ ಕತೆ ಮುಗಿಯಿತು. ನಾನು ನಾಲ್ಕು ಮೂಲೆಗೆ ನಾಲ್ಕು ಜನ ಬೇಕು ಎಂದು ಪಕ್ಕದ ಮನೆ ಹುಡುಗರನ್ನು ಕರೆಯಲು ಹೊರಟೆ. ಮಾವ ತಡೆದ.

ಅವನು ಶೀಟಿನ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗಿನ ಅರ್ಧವನ್ನು ಮುಂಗೈ ಮೇಲೆ ಮಡಿಕೆ ಬೀಳದ ಹಾಗೆ ಇಳಿಬಿಟ್ಟುಕೊಂಡ. ಎದೆಮಟ್ಟಕ್ಕೆ ತಂದು, ಮೊದಲು ಮೇಲಂಚಿನ ನಡುಭಾಗ ಮಾತ್ರ ತಾಗಿಸಿದ. ಕಣ್ಣಲ್ಲೇ ಅಳೆದ, ಅರ್ಧ ಬೆರಳು ಎಡಕ್ಕೆ ಸರಿಸಿದ. ಆಮೇಲೆ ಕೈ ಹಿಂದೆ ಸರಿಸುತ್ತಾ ಹೋದ ಹಾಗೆ ಹಾಳೆ ತನ್ನ ಭಾರಕ್ಕೆ ತಾನೇ ಇಳಿಯಿತು. ಅವನ ಬಲಗೈ ಅಷ್ಟರಲ್ಲೇ ಕುಂಚ ಹಿಡಿದು ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಎಳೆಯುತ್ತಿತ್ತು. ಗಾಳಿಗುಳ್ಳೆ ಎಲ್ಲಿ ಏಳುತ್ತದೆ ಅಂತ ಅದು ಏಳುವ ಮೊದಲೇ ಗೊತ್ತಿರುವ ಹಾಗೆ. ಗೋಡೆ ನಿಂತಿರುತ್ತದೆ, ಹಲಗೆ ಮಲಗಿರುತ್ತದೆ, ಅವನಿಗೆ ಅಷ್ಟೇ ವ್ಯತ್ಯಾಸ. ಮುಖದ ಹತ್ತಿರ ಬಂದಾಗ ಕುಂಚ ಕೆಳಗಿಟ್ಟು ಅಂಗೈ ಬಳಸಿದ. ‘ಗೋಡೆ ಮ್ಯಾಲೂ ಹಿಂಗೇ ಮಾಡ್ತಿದ್ದೆ’ ಎಂದ, ಬೇರೆ ಏನೂ ಹೇಳಲಿಲ್ಲ. ಪಾಲಿಯೆಸ್ಟರ್ ಶೀಟ್ ಸುಲಿದು ತೆಗೆದಾಗ ಒಂದೇ ಒಂದು ಸುಕ್ಕು ಕೆಳಗಿನ ಮೂಲೆಯಲ್ಲಿತ್ತು. ಅದನ್ನೂ ಉಗುರಿನಿಂದ ಓಡಿಸಿದ.

ನಿಧಾನಕ್ಕೆ ಒಣಗಬೇಕು. ಮೇಲೆ ಒಣ ಒತ್ತುಕಾಗದ, ಬದಲಿಸುತ್ತಾ ಇರಬೇಕು. ಒಣಗಿದ ಮೇಲೆ ಹಾಳೆ ತಂಬೂರಿ ತಂತಿಯಷ್ಟು ಬಿಗಿ. ಮಡಿಕೆಗಳು ಗೆರೆಯಾಗಿ ಕಾಣುತ್ತವೆ, ಕೈಗೆ ಸಿಗುವುದಿಲ್ಲ.

ಖಾಲಿ ಬಿದ್ದ ಜಾಗಗಳಿಗೆ ಅದೇ ದಪ್ಪದ ಕಾಗದದ ತುಂಡುಗಳನ್ನು ಆಕಾರಕ್ಕೆ ಸರಿಯಾಗಿ ಹರಿದು ಕೂರಿಸಿದೆ. ಬಣ್ಣ ಹೊಂದಿಸಲು ಟೀ ಡಿಕಾಕ್ಷನ್ ಹಚ್ಚುವವರಿದ್ದಾರೆ. ಚಹಾದಲ್ಲಿ ಟ್ಯಾನಿನ್ ಇರುತ್ತದೆ, ಅದೂ ಆಮ್ಲವೇ. ತೆಳು ವಾಟರ್ ಕಲರ್ ವಾಸಿ. ಮೇಲಿನ ಅಂಚಿನಲ್ಲಿ ಹೋದ ಹೆಸರನ್ನು ಮತ್ತೆ ಬರೆಯಲಿಲ್ಲ. ಹಿನ್ನೆಲೆಗೆ ಹತ್ತಿರದ ಬಣ್ಣ ಕೊಟ್ಟು ಬಿಟ್ಟೆ. ಮಾವ ತಕರಾರು ಮಾಡಲಿಲ್ಲ. ಹೆಸರು ಅವನಿಗೆ ಬಾಯಿಪಾಠ.

ತಕರಾರು ಬಂದದ್ದು ಕಣ್ಣಿಗೆ.

ನನ್ನ ಲೆಕ್ಕದಲ್ಲಿ ಕಣ್ಣಿನ ಜಾಗಕ್ಕೂ ಚರ್ಮದ ಬಣ್ಣದ ಸಾದಾ ತುಂಡು ಸಾಕಿತ್ತು. ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಪ್ರಾಮಾಣಿಕ ಕೆಲಸ ಎಂದು ಓದಿಕೊಂಡಿದ್ದೆ, ನಂಬಿಯೂ ಇದ್ದೆ. ಮಾವ ತುಂಡನ್ನು ನೋಡಿದ. ‘ಒಂದು ಕಣ್ಣಿಲ್ಲದ ಜಯಂತಿನ್ನ ನಾನು ಮನ್ಯಾಗ ಹಾಕ್ತೀನೇನಲೇ? ಹಂಗಾದ್ರ ಗೆದ್ದಲಿಗೇ ಬಿಟ್ಟುಬಿಡು’ ಎಂದ. ನಾನು ಮ್ಯೂಸಿಯಂ, ನಿಯಮ ಎಂದೆ. ‘ಇದು ಮ್ಯೂಸಿಯಂ ಅಲ್ಲ, ನನ್ನ ಮನಿ’ ಎಂದ. ಎದುರು ಹೇಳಲು ಏನೂ ಇರಲಿಲ್ಲ. ಇದ್ದರೂ, ಆ ಹಾಳೆಯನ್ನು ಅಷ್ಟು ವರ್ಷ ಇಟ್ಟುಕೊಂಡವನು ಅವನು. ಗೋಡೆ ಮೇಲೆ ಅವಳ ಮುಖ ಮುಚ್ಚದವನು ಅವನು.

ಒಪ್ಪಂದ ಹೀಗಾಯಿತು. ಹಳೇ ಕಾಗದದ ಮೇಲೆ ಒಂದು ಚುಕ್ಕೆ ಬಣ್ಣವೂ ಬೀಳಕೂಡದು. ಕಣ್ಣನ್ನು ಬೇರೆ ತುಂಡಿನ ಮೇಲೆ ಬರೆಸಿ, ಖಾಲಿ ಜಾಗಕ್ಕೆ ಗಂಜಿಯಲ್ಲಿ ಕೂರಿಸುವುದು. ಬೇಡವೆಂದರೆ ಒದ್ದೆ ಹತ್ತಿ ಇಟ್ಟರೆ ತುಂಡು ಬಿಟ್ಟು ಬರಬೇಕು.

ಬರೆಯಲು ಹಳೇ ಬ್ಯಾನರ್ ಕಲಾವಿದರೊಬ್ಬರು ಸಿಕ್ಕರು. ಫ್ಲೆಕ್ಸ್ ಬಂದ ಮೇಲೆ ಅಂಗಡಿಗಳ ಬೋರ್ಡು, ದೇವಸ್ಥಾನದ ಗೋಡೆ ಬರೆಯುತ್ತಾರೆ. ನಮೂನೆಗೆ ಮಾವನ ಫೋಟೊಗಳಲ್ಲಿ ಮುಖ ಅದೇ ಕೋನದಲ್ಲಿರುವ ಒಂದನ್ನು ಆರಿಸಿದೆವು. ಅವರು ಬರೆದ ಮೊದಲ ಕಣ್ಣು ಭಾರಿ ಚೆನ್ನಾಗಿತ್ತು, ಆದರೆ ಮೂವತ್ತು ಅಡಿ ದೂರದಿಂದ ನೋಡುವ ಕಟೌಟಿನ ಕಣ್ಣು. ರೆಪ್ಪೆಗಳೇ ಬೇಲಿಯಂತೆ. ಪಕ್ಕಕ್ಕೆ ಭೂತಗನ್ನಡಿ ಇಟ್ಟು ಪೋಸ್ಟರಿನ ಬಲಗಣ್ಣು ತೋರಿಸಿದೆ. ಅಚ್ಚಿನ ಕಣ್ಣಿನಲ್ಲಿ ಗೆರೆಯೇ ಇಲ್ಲ, ಎಲ್ಲ ಚುಕ್ಕೆ. ಕಪ್ಪು, ಕೆಂಪು, ಹಳದಿ ಚುಕ್ಕೆಗಳು ಒತ್ತಾಗಿ ಬಿದ್ದು ದೂರದಿಂದ ಕಣ್ಣಾಗುತ್ತವೆ. ಅವರು ತುಂಬ ಹೊತ್ತು ನೋಡಿದರು. ‘ಜೀವನ ಪೂರ್ತಿ ಇದನ್ನ ನೋಡಿ ದೊಡ್ಡದು ಮಾಡಿದ್ವಿ, ಒಳಗ ಏನೈತಿ ಅಂತ ನೋಡಿರಲಿಲ್ಲ’ ಎಂದರು. ಆಮೇಲೆ ಅತಿ ಸಣ್ಣ ಕುಂಚದಿಂದ ಚುಕ್ಕೆ ಇಡುತ್ತಾ ಕೂತರು. ಕೈ ನಡುಗುತ್ತದೆ ಎಂದು ಮಣಿಕಟ್ಟಿನ ಕೆಳಗೆ ಪುಸ್ತಕ ಇಟ್ಟುಕೊಂಡರು.

ಮಾವ ಪಕ್ಕದಲ್ಲೇ ನಿಂತು ನಿರ್ದೇಶನ ಕೊಡುತ್ತಿದ್ದ. ಹುಬ್ಬಿನ ತುದಿ ಇನ್ನೂ ಸ್ವಲ್ಪ ಕೆಳಗೆ. ಎಡಗಣ್ಣು ಬಲಗಣ್ಣಿಗಿಂತ ಒಂದು ಕೂದಲೆಳೆ ಸಣ್ಣ. ಫೋಟೊಗೆ ಹೋಲಿಸಿದೆ, ಹೌದು. ಕೊನೆಗೆ ಕೂರಿಸಿದ ಕಣ್ಣು ಆರು ಅಡಿ ದೂರದಿಂದ ಗೊತ್ತಾಗುವುದಿಲ್ಲ, ಆರು ಇಂಚಿಗೆ ಬಂದರೆ ಗೊತ್ತಾಗುತ್ತದೆ. ಮ್ಯೂಸಿಯಂನವರು ಒಪ್ಪುವ ಅಳತೆಯೂ ಇದೇ, ಹಾಗಾಗಿ ನನ್ನ ಮರ್ಯಾದೆಯೂ ಉಳಿಯಿತು.

ಉಳಿದ ಸಾಮಾನುಗಳದ್ದು ದೊಡ್ಡ ಕತೆಯೇನಲ್ಲ. ಹಾಡಿನ ಪುಸ್ತಕಗಳ ತುಕ್ಕು ಹಿಡಿದ ಪಿನ್ನು ತೆಗೆದು, ಅದೇ ತೂತಿನಲ್ಲಿ ಹತ್ತಿ ದಾರದಿಂದ ಹೊಲಿದೆ. ಅದರಲ್ಲೊಂದು 1970ರ ‘ಶ್ರೀಕೃಷ್ಣದೇವರಾಯ’ನದ್ದು. ಅದರಲ್ಲಿ ತಿಮ್ಮರುಸು ಪಾತ್ರಕ್ಕೆ ಬಂದ ಶ್ರೇಷ್ಠ ನಟ ಪ್ರಶಸ್ತಿಯನ್ನು ಬಿ.ಆರ್. ಪಂತುಲು ಬೇಡ ಅಂದರು, ಅದು ರಾಜ್‌ಕುಮಾರ್‌ಗೆ ಸಲ್ಲಬೇಕಿತ್ತು ಎಂದು. ಮಾವನ ಪ್ರಕಾರ ಆ ವರ್ಷ ಎಲ್ಲ ಪ್ರಶಸ್ತಿಯೂ ಜಯಂತಿಗೇ ಬರಬೇಕಿತ್ತು. ಪತ್ರಿಕೆ ಚಿತ್ರಗಳನ್ನು ಪಾಲಿಯೆಸ್ಟರ್ ಕವರಿಗೆ ಹಾಕಿದೆ. ಸ್ಟೇಷನರಿ ಅಂಗಡಿಯ ಪಿವಿಸಿ ಕವರ್ ಬೇಡ, ಸೆಕೆಗೆ ಬೆವತು ಶಾಯಿಯನ್ನು ಎಳೆದುಕೊಳ್ಳುತ್ತದೆ.

ಚೌಕಟ್ಟಿನ ಹಿಂದೆ ಹಾರ್ಡ್‌ಬೋರ್ಡ್ ಹಾಕಲಿಲ್ಲ. ಅದು ಆಮ್ಲವನ್ನೂ ಬಿಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಅಂಗಡಿ ಬೋರ್ಡಿಗೆ ಬಳಸುವ ಎಸಿಪಿ ಶೀಟಿನ ತುಂಡು ಹಾಕಿದೆ. ಎರಡು ಅಲ್ಯೂಮಿನಿಯಂ ಪದರ, ನಡುವೆ ಪ್ಲಾಸ್ಟಿಕ್, ಗೆದ್ದಲಿಗೆ ಹಲ್ಲು ಊರಲು ಏನೂ ಇಲ್ಲ. ಮುಂದೆ 3 ಮಿಲಿಮೀಟರ್ ಅಕ್ರಿಲಿಕ್, ಅದಕ್ಕೂ ಪೋಸ್ಟರಿಗೂ ನಡುವೆ 5 ಮಿಲಿಮೀಟರ್ ಸಂದು. ಅಂಟಿಕೊಂಡರೆ ಮಳೆಗಾಲದ ತೇವಕ್ಕೆ ಬಣ್ಣ ಕಚ್ಚಿಕೊಳ್ಳುತ್ತದೆ. ಕೆಂಪು ಧೂಳು ನುಗ್ಗದಂತೆ ಸುತ್ತಲೂ ಟೇಪ್, ಚೌಕಟ್ಟಿನ ಹೊರ ಅಂಚಿಗೆ ಮಾತ್ರ. ರಸ್ತೆ ಕಡೆಯ ಗೋಡೆ ಬಿಟ್ಟು, ಬಿಸಿಲು ಬೀಳದ ಒಳಗಿನ ಗೋಡೆಗೆ ಹಾಕಿದೆವು. ಮಾವ ಹೊರಗೆ ಪಡಸಾಲೆಯಲ್ಲಿ ಬೇಕು, ಹೋಗಿಬರುವವರು ನೋಡಬೇಕು ಎಂದು ಹಟ ಹಿಡಿದಿದ್ದ. ಈ ಸಲ ನಾನು ಬಗ್ಗಲಿಲ್ಲ.

ಹಿಂಭಾಗದಲ್ಲಿ ಒಂದು ಚೀಟಿ ಅಂಟಿಸಿದೆ, ಪೆನ್ಸಿಲ್ಲಿನಲ್ಲಿ ಬರೆದದ್ದು. ಸಿನಿಮಾದ ಹೆಸರು, ಬಟ್ಟೆ ಹತ್ತಿ, ಅಂಟು ಮೈದಾ ಪಿಷ್ಟ, ಮೈಲುತುತ್ತ ಹಾಕಿಲ್ಲ. ಎಡಗಣ್ಣಿನ ತುಂಡು ಹೊಸದು, ನೀರು ತಾಗಿಸಿದರೆ ಬಿಡುತ್ತದೆ. ಮಾವ ಓದಿಸಿಕೊಂಡು ಕೇಳಿದ. ಪೆನ್ಸಿಲ್ ಇಸಿದುಕೊಂಡು ಕೊನೆಯ ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ ‘ತಾಗಿಸಬ್ಯಾಡ್ರಿ’ ಎಂದು ಬರೆದ.